ಮ್ಯಾಡ್ರಿಡ್‌ನಲ್ಲಿ ಒಂದು ದಿನ, ‘ಕೆದಾರ್’ ಜೊತೆ

ಮ್ಯಾಡ್ರಿಡ್‌ನಲ್ಲಿ ತಡವಾಗಿ ಎದ್ದು ಚುರ್ರೋ, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ, ಮಾರುವ ಅಂಗಡಿಗೆ ಹೋದರೆ ‘ನೊ ಕೇದನ್’ ಎಂಬ ಉತ್ತರ ಸಿಕ್ಕೀತು. ಉಳಿದಿಲ್ಲ, ಖಾಲಿ. ಚುರ್ರೋಗಳು ಬಹುವಚನವಾದ್ದರಿಂದ ಕೊನೆಗೊಂದು ‘ನ್’. ಬ್ರೆಡ್ ಆಗಿದ್ದರೆ ಬರೀ ‘ನೊ ಕೇದ’. ಎರಡರ ಮೂಲವೂ ‘ಕೆದಾರ್’ (quedar) ಎಂಬ ಸ್ಪ್ಯಾನಿಷ್ ಕ್ರಿಯಾಪದ. ಅದರ ಅರ್ಥ ‘ಉಳಿ’ ಎಂದು ನಿಘಂಟಿನಲ್ಲಿ ಓದಿಕೊಂಡವರಿಗೆ ಇಲ್ಲಿಯವರೆಗೆ ತೊಂದರೆಯಿಲ್ಲ. ಕಾಗುಣಿತ ನೋಡಿ ‘ಕ್ವೆದಾರ್’ ಅನ್ನಬೇಡಿ, ಅಷ್ಟೆ. ದ ನಮ್ಮ ದಾರದ ದ. ನಾಲಿಗೆ ಹಲ್ಲಿಗೆ ತಾಗಿಯೂ ತಾಗದ ಹಾಗೆ ಇನ್ನಷ್ಟು ಮೆತ್ತಗೆ.

ಬಟ್ಟೆ ಅಂಗಡಿಯಲ್ಲಿ ಅರ್ಥ ಜಾರುತ್ತದೆ. ಅಲ್ಲಿ ಶರ್ಟ್‌ಗೆ ‘ಕಮೀಸ’, ನಮ್ಮ ಕಮೀಸಿನ ದೂರದ ನೆಂಟ. ಹಾಕಿ ನೋಡಿದಾಗ ತೋಳು ಬೆರಳು ಮುಚ್ಚಿದರೆ ‘ಮೆ ಕೇದ ಗ್ರಾಂದೆ’: ನನಗೆ ದೊಡ್ಡದಾಗುತ್ತೆ. ಕನ್ನಡದವರಿಗೆ ಇದು ಲಾಭ. ‘ಮೆ’ ಅಂದರೆ ‘ನನಗೆ’, ಕರ್ತೃ ಶರ್ಟ್. ‘ನಾನು’ ಎಂದು ಶುರುಮಾಡಿ ‘ಯೊ ಕೇದೊ ಗ್ರಾಂದೆ’ ಅಂದರೆ ಅಂಗಡಿಯವರು ಮುಖ ನೋಡುತ್ತಾರೆ. ಪ್ಯಾಂಟ್ ಸಾಮಾನ್ಯವಾಗಿ ಬಹುವಚನ, ಆದ್ದರಿಂದ ‘ಮೆ ಕೇದನ್ ಗ್ರಾಂದೆಸ್’. ಒಪ್ಪಿದರೆ ಜೊತೆಗೆ ಬಂದವರು ‘ತೆ ಕೇದ ಬಿಯೆನ್’ ಅನ್ನುತ್ತಾರೆ. ಆಮೇಲೆ ‘ಮೆ ಲಾ ಕೇದೊ’, ಇದನ್ನೇ ತಗೋತೀನಿ. ಉಳಿಯುವ ಕ್ರಿಯಾಪದ ಕೊಳ್ಳುವುದಕ್ಕೂ ಬಂತು: ನನ್ನ ಹತ್ತಿರವೇ ಉಳಿಯಲಿ ಅನ್ನುವ ಲೆಕ್ಕ.

ಸಂಜೆಯ ‘ಕೆದಾಮೋಸ್?’ ಅಂದರೆ ‘ಸಿಗೋಣವಾ?’. ಯಾರ ಜೊತೆ ಅನ್ನುವುದಕ್ಕೆ ‘ಕೊನ್’, ಎಲ್ಲಿ ಅನ್ನುವುದಕ್ಕೆ ‘ಎನ್’. ನಗರದ ನಡುವಿನ ಸೋಲ್ ಚೌಕದ ಕರಡಿ ಪ್ರತಿಮೆಯ ಬುಡ ಇಂಥ ಭೇಟಿಗಳ ಹಳೆಯ ಅಡ್ಡಾ, ಪ್ರತಿಮೆ 1967ರದು. ಹೆಚ್ಚು ಜನ ಎಡವುವುದೂ ಇಲ್ಲೇ. ‘ಎ ಕೆದಾದೊ ಎನ್ ಸೋಲ್’ ಅಂದರೆ ಸೋಲ್‌ನಲ್ಲಿ ಸಿಗುವುದೆಂದು ಮಾತಾಗಿದೆ. ಮುಂದೆ ಒಂದು ‘ಮೆ’ ಸೇರಿಸಿ, ‘ಮೆ ಎ ಕೆದಾದೊ ಎನ್ ಸೋಲ್’: ಸೋಲ್‌ನಲ್ಲೇ ಉಳಿದುಬಿಟ್ಟೆ. ಇಷ್ಟು ಚಿಕ್ಕ ಪದಕ್ಕೆ ಗೆಳೆಯರು ಬೇರೆ ಬೇರೆ ಕಡೆ ಕಾಯಬೇಕಾದೀತು. ಮೆಕ್ಸಿಕೋದಲ್ಲಿ ಭೇಟಿಗೆ ‘ನೋಸ್ ವೇಮೋಸ್’ ಅನ್ನುವುದೇ ಸಹಜ. ಅಲ್ಲಿ ಕೆದಾರ್ ದಾರಿ ಕೇಳಲೂ ಬರುತ್ತದೆ, ‘ದೋಂದೆ ಕೇದ’: ಎಲ್ಲಿದೆ? ಅದೂ ಬಸ್ ನಿಲ್ದಾಣದಂಥ ಕದಲದ ಜಾಗಕ್ಕೆ ಮಾತ್ರ. ಕಳೆದುಹೋದ ಕನ್ನಡಕಕ್ಕೆ ಕೇಳಬೇಡಿ.

ಫೋನಿನ ಚಾರ್ಜ್ ಮುಗಿದರೆ ‘ಮೆ ಎ ಕೆದಾದೊ ಸಿನ್ ಬತೆರೀಯ’. ನಿದ್ದೆ ಹತ್ತಿಬಿಟ್ಟರೆ ‘ಮೆ ಕೆದೇ ದೊರ್ಮೀದೊ’. ನಮ್ಮ ‘ಬಿಡು’ ಮಾಡುವ ಕೆಲಸವನ್ನೇ ಇಲ್ಲಿ ಕೆದಾರ್ ಮಾಡುತ್ತದೆ: ಬೇಕೆಂದಲ್ಲ, ಆಗಿಬಿಟ್ಟಿತು. ಹೇಳುವವಳು ಹೆಣ್ಣಾದರೆ ‘ದೊರ್ಮೀದ’. ಮರುದಿನ ಕೆಲಸಕ್ಕೆ ತಡವಾದಾಗ ಹೇಳುವುದೂ ಇದನ್ನೇ.