ವೈಫೈ ಪಾಸ್‌ವರ್ಡ್ ಮರೆತವರಿಗೆ

ಪಾಸ್‌ವರ್ಡ್ ಮರೆತುಹೋಯ್ತು ಅಂತ ರೂಟರ್ ರಿಸೆಟ್ ಒತ್ತೋಕೆ ಹೋಗಬೇಡಿ ಮಾರಾಯ್ರೆ. ಕಂಪನಿಯವರು ಹಾಕಿಕೊಟ್ಟ ಸೆಟ್ಟಿಂಗೂ ಅಳಿಸಿಹೋಗಿ ಇಂಟರ್ನೆಟ್ಟೇ ನಿಂತುಹೋಗಬಹುದು. ಆಮೇಲೆ ಅವರಿಗೆ ಫೋನ್ ಮಾಡ್ತಾ ಕೂರಬೇಕು.

ಈಗಾಗಲೇ ಕನೆಕ್ಟ್ ಆಗಿರೋ ಲ್ಯಾಪ್‌ಟಾಪ್ ಒಂದಿದ್ರೆ ಸಾಕು. ವಿಂಡೋಸ್ ಆದ್ರೆ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್‌ಗೆ ಹೋಗಿ, ನಿಮ್ಮ ವೈಫೈ ಹೆಸರು ಒತ್ತಿ. ವೈರ್‌ಲೆಸ್ ಪ್ರಾಪರ್ಟೀಸ್, ಅದರಲ್ಲಿ ಸೆಕ್ಯುರಿಟಿ, ಕೆಳಗೆ ಶೋ ಕ್ಯಾರೆಕ್ಟರ್ಸ್‌ಗೆ ಟಿಕ್. ಚುಕ್ಕಿಗಳೆಲ್ಲ ಅಕ್ಷರವಾಗಿ ಕಾಣುತ್ತವೆ. ಅಡ್ಮಿನ್ ಅನುಮತಿ ಇರಬೇಕು, ಅಷ್ಟೆ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಫೋನಾದ್ರೆ ವೈಫೈ ಸೆಟ್ಟಿಂಗ್‌ನಲ್ಲೇ ಶೇರ್ ಒತ್ತಿ ಕ್ಯೂಆರ್ ಕೋಡ್ ತೋರಿಸಬಹುದು.

ನಮ್ಮನೇಲಿ ಹೀಗೆ ತೆಗೆದು ನೋಡಿದ್ರೆ ಅಪ್ಪನ ಹಳೇ ಸ್ಕೂಟರ್ ನಂಬರ್! ಅಕ್ಕನ ಮಕ್ಕಳು ಬಿದ್ದು ಬಿದ್ದು ನಕ್ಕರು. ಅಪ್ಪ ಮಾತ್ರ "ಅದಕ್ಕೇನಾಗಿದೆ ಈಗ?" ಅಂತ ಪೇಪರ್ ಮಡಚಿಟ್ಟರು.

ನನಗೆ ಕಸಿವಿಸಿಯಾಗಿದ್ದು ಬೇರೆ ವಿಷಯಕ್ಕೆ. ಹೋದ ತಿಂಗಳು ಇದೇ ಲ್ಯಾಪ್‌ಟಾಪನ್ನ ಲಾಗಿನ್ ಪಾಸ್‌ವರ್ಡ್ ಸಮೇತ ರಿಪೇರಿಗೆ ಕೊಟ್ಟಿದ್ವಿ. ಅಂದ್ರೆ ಮನೆ ಬೀಗದ ಕೈಯನ್ನೂ ಜೊತೆಗೇ ಕೊಟ್ಟಂಗೆ. ಇವತ್ತೇ ಹೊಸ ಪಾಸ್‌ವರ್ಡ್ ಹಾಕ್ತೀನಿ ಅಂದೆ. ಕಾರಿನ ನಂಬರ್ ಇಡು ಅಂತಾರೆ ಅಪ್ಪ.