ಅಮ್ಮ ಕರೆದಾಗ ನಾನು ಜಪಸರ ಹಿಡಿದಿದ್ದೆ

ನಾವು ಕ್ರೈಸ್ತರು ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ ಎಲ್ಲಿಂದ ಬರುತ್ತದೆ ಗೊತ್ತಾ? ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಕೈಯಲ್ಲಿ ಹಿಡಿದು 'ಹೊಸಾನ್ನ' ಎಂದು ಕೂಗಿದೆವಲ್ಲ, ಆ ಗರಿಗಳನ್ನೇ ಸುಟ್ಟು ಮಾಡುತ್ತಾರೆ. ಮೊದಲ ಸಲ ಇದು ತಿಳಿದಾಗ ಒಂಥರಾ ಆಯಿತು. ಅಷ್ಟು ಜೋರಾಗಿ ಕೂಗಿದ ಜಯಕಾರ ಒಂದು ಚಿಟಿಕೆ ಬೂದಿಯಾಗಿ ನಮ್ಮ ಹಣೆಗೇ ವಾಪಸ್ ಬರುತ್ತದೆ.

ಬೂದಿ ಬುಧವಾರದಿಂದ ಈಸ್ಟರ್‌ವರೆಗಿನ ಉಪವಾಸದ ದಿನಗಳಿಗೆ ತಪಸ್ಸುಕಾಲ ಅನ್ನುತ್ತೇವೆ. ಕಳೆದ ತಪಸ್ಸುಕಾಲದಲ್ಲಿ ನಾನೊಂದು ಹರಕೆ ಹೊತ್ತಿದ್ದೆ. ಭಾನುವಾರಗಳನ್ನು ಬಿಟ್ಟು 40 ದಿನ ಒಂದೇ ಹೊತ್ತು ಊಟ, ಸಂಜೆ ಮಂಡಿಯೂರಿ ಜಪಸರ. ಒಂದು ದಿನವೂ ತಪ್ಪಿಸಲಿಲ್ಲ. ನಾಲ್ಕನೇ ವಾರದ ಒಂದು ಸಂಜೆ ಅಮ್ಮ ಪಕ್ಕದ ಕೋಣೆಯಿಂದ ಕರೆದರು. "ಸ್ವಲ್ಪ ಹೊತ್ತು ಬಂದು ಕೂತ್ಕೋತೀಯಾ?" ಮಂಡಿನೋವಿನಿಂದ ಅವರು ಮನೆಯಿಂದ ಹೊರಗೆ ಹೋಗುವುದೇ ಕಡಿಮೆಯಾಗಿತ್ತು. ಮಾತಾಡಲು ಯಾರೂ ಇರಲಿಲ್ಲ. ನಾನು ಕೂತಲ್ಲಿಂದಲೇ "ಪ್ರಾರ್ಥನೆ ಮಾಡ್ತಾ ಇದ್ದೀನಮ್ಮ" ಅಂದೆ. "ಆಯ್ತು, ಮಾಡು" ಅಂದರು. ಆಮೇಲೆ ಕರೆಯಲಿಲ್ಲ. ಮರುದಿನವೂ ಕರೆಯಲಿಲ್ಲ.

ಅದೇ ವಾರ ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ಓದುತ್ತಿದ್ದೆ. ಅಲ್ಲಿ 'ಕೊರ್ಬಾನ್' ಎಂಬ ಮಾತು ಬರುತ್ತದೆ. ದೇವರಿಗೆ ಮೀಸಲಿಟ್ಟ ಕಾಣಿಕೆ ಎಂದರ್ಥ. 'ನನ್ನಿಂದ ನಿಮಗೆ ಸಿಗಬೇಕಾಗಿದ್ದ ಸಹಾಯ ಈಗ ಕೊರ್ಬಾನ್' ಎಂದು ಮಗ ತಂದೆತಾಯಿಗೆ ಹೇಳಿಬಿಟ್ಟರೆ ಮುಗಿಯಿತು. ಆಮೇಲೆ ಅವನು ಅವರಿಗೆ ಏನೂ ಮಾಡಬೇಕಿರಲಿಲ್ಲ. ಯೇಸುಸ್ವಾಮಿ ಇದನ್ನು ಕಟುವಾಗಿ ಖಂಡಿಸುತ್ತಾರೆ. ತಂದೆತಾಯಿಯನ್ನು ಗೌರವಿಸು ಎನ್ನುವುದು ದೇವರ ಮಾತು. ನಿಮ್ಮ ಸಂಪ್ರದಾಯಕ್ಕಾಗಿ ಆ ಮಾತನ್ನೇ ಇಲ್ಲವಾಗಿಸಿದಿರಿ ಎನ್ನುತ್ತಾರೆ.

ಓದಿ ಪುಸ್ತಕ ಮುಚ್ಚಿಟ್ಟೆ. ನಾನು ಹಣ ಮೀಸಲಿಟ್ಟಿರಲಿಲ್ಲ ನಿಜ. ಆದರೆ ಅಮ್ಮನಿಗೆ ಸೇರಬೇಕಾದ ಸಂಜೆಗಳನ್ನು ಕೊರ್ಬಾನ್ ಮಾಡಿದ್ದೆ.

ಹರಕೆಯನ್ನು ನಾವೇ ಆರಿಸಿಕೊಳ್ಳುತ್ತೇವೆ. ಎಷ್ಟು ದಿನ, ಏನು ಬಿಡಬೇಕು, ಯಾವಾಗ ಮುಗಿಸಬೇಕು, ಎಲ್ಲವೂ ನಮ್ಮ ಇಷ್ಟ. ಆಜ್ಞೆ ಹಾಗಲ್ಲ. ಅದು ನಮ್ಮನ್ನು ಕೇಳಿ ಬಂದದ್ದಲ್ಲ. ಬೇಡದ ಹೊತ್ತಿಗೆ, ಪಕ್ಕದ ಕೋಣೆಯಿಂದ, ದಣಿದ ದನಿಯಲ್ಲಿ ಕರೆಯುತ್ತದೆ. ಅದಕ್ಕೇ ಇರಬೇಕು, ನಮಗೆ ಹರಕೆ ಸುಲಭ ಅನಿಸುವುದು.

ಬೈಬಲಿನ ಅರಸ ಸೌಲನ ಕಥೆಯೂ ಇದೇ ಅಲ್ವಾ? ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಏನನ್ನೂ ಉಳಿಸಿಕೊಳ್ಳಬಾರದೆಂದು ಅವನಿಗೆ ಅಪ್ಪಣೆಯಾಗಿತ್ತು. ಅವನು ಒಳ್ಳೊಳ್ಳೆಯ ಕುರಿ ದನಗಳನ್ನು ಉಳಿಸಿಕೊಂಡ. ಪ್ರವಾದಿ ಸಮುವೇಲ ಬಂದಾಗ 'ದೇವರು ಹೇಳಿದ್ದನ್ನು ಮಾಡಿದ್ದೇನೆ' ಎಂದ. 'ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗೇನು?' ಎಂದು ಸಮುವೇಲ ಕೇಳಿದ. ದೇವರಿಗೆ ಬಲಿ ಕೊಡಲು ತಂದದ್ದು ಎಂಬ ಉತ್ತರ ಬಂತು. ಬಲಿಗಿಂತ ವಿಧೇಯತೆ ದೊಡ್ಡದು ಎಂದು ಸಮುವೇಲ ಹೇಳಿದ್ದು ಆಗಲೇ. ನನ್ನ ಮನೆಯಲ್ಲಿ ಕುರಿಗಳ ಕೂಗಿರಲಿಲ್ಲ. ಅಮ್ಮನ ಮೌನವಿತ್ತು.

'ಸ್ವಾಮೀ, ಸ್ವಾಮೀ' ಎನ್ನುವವರೆಲ್ಲ ಸ್ವರ್ಗಸಾಮ್ರಾಜ್ಯ ಸೇರುವುದಿಲ್ಲ, ತಂದೆಯ ಚಿತ್ತದಂತೆ ನಡೆಯುವವರೇ ಸೇರುತ್ತಾರೆ ಎಂದು ಮತ್ತಾಯನ ಶುಭಸಂದೇಶದ ಏಳನೇ ಅಧ್ಯಾಯದಲ್ಲಿದೆ. ಚಿಕ್ಕಂದಿನಿಂದ ಕೇಳಿದ ಮಾತು. ಇದು ಬೇರೆಯವರಿಗೆ ಹೇಳಿದ್ದು ಅಂದುಕೊಂಡಿದ್ದೆ. ಮುಂದಿನ ಸಾಲು ಓದಿದರೆ ನಡುಕ ಬರುತ್ತದೆ. ಬಾಗಿಲಲ್ಲಿ ನಿಂತುಬಿಡುವವರು ದೇವರನ್ನು ನಂಬದವರಲ್ಲ. ಯೇಸುವಿನ ಹೆಸರಿನಲ್ಲಿ ಪ್ರವಾದನೆ ಮಾಡಿದವರು, ದೆವ್ವ ಬಿಡಿಸಿದವರು, ಅದ್ಭುತಗಳನ್ನು ಮಾಡಿದವರು. ಅವರಿಗೇ 'ನಿಮ್ಮನ್ನು ನಾನರಿಯೆ' ಎಂಬ ಉತ್ತರ. ಒಂದೇ ಹೊತ್ತು ಉಂಡ ನಾನು ಯಾವ ಲೆಕ್ಕ?

ಹಾಗಾದರೆ ಸ್ವರ್ಗವನ್ನು ದುಡಿದು ಕೊಂಡುಕೊಳ್ಳಬೇಕಾ? ಇಲ್ಲ. ಅಷ್ಟು ದುಡಿಮೆ ಯಾರ ಹತ್ತಿರವೂ ಇಲ್ಲ. ಆಜ್ಞೆಗಳನ್ನೆಲ್ಲ ಪಾಲಿಸಿದ್ದೇನೆ ಎಂದ ಸಿರಿವಂತ ಯುವಕನೂ ಆಸ್ತಿ ಮಾರಿ ಬಡವರಿಗೆ ಕೊಡು ಎಂದು ಯೇಸು ಹೇಳಿದ ಕೂಡಲೇ ದುಃಖದಿಂದ ಹೊರಟುಹೋದ. ಹಾಗಿದ್ದರೆ ಯಾರು ತಾನೇ ಪಾರಾದಾರು ಎಂದು ಶಿಷ್ಯರು ಬೆರಗಾದರು. ಮನುಷ್ಯರಿಗೆ ಅಸಾಧ್ಯ, ದೇವರಿಗೆ ಎಲ್ಲವೂ ಸಾಧ್ಯ ಎಂದರು ಯೇಸು. ಆ ಒಂದು ಮಾತೇ ನನಗೆ ಆಸರೆ. ಆದರೆ ಕೃಪೆಯ ಹೆಸರು ಹೇಳಿ ಆಜ್ಞೆಯನ್ನು ಪಕ್ಕಕ್ಕಿಡಲು ಮನಸ್ಸು ಒಪ್ಪುವುದಿಲ್ಲ. 'ನನ್ನನ್ನು ಪ್ರೀತಿಸಿದರೆ ನನ್ನ ಆಜ್ಞೆಗಳನ್ನು ಪಾಲಿಸುವಿರಿ' ಎಂದವರೂ ಅವರೇ. ಪ್ರೀತಿಸುತ್ತೇನೆ ಎಂದು ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು.

ಯೇಸು ಹೇಳಿದ ಇಬ್ಬರು ಮಕ್ಕಳ ಕಥೆ ನನಗೆ ಜಾಸ್ತಿ ಇಷ್ಟ. ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡು ಎಂದು ತಂದೆ ಹೇಳಿದಾಗ ಒಬ್ಬ 'ಹೋಗಲ್ಲ' ಅಂದ, ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ 'ಆಗಲಿ' ಅಂದ, ಹೋಗಲಿಲ್ಲ. ಒಮ್ಮೆ ಇಲ್ಲ ಅಂದವನಿಗೂ ತೋಟಕ್ಕೆ ಹೋಗುವ ದಾರಿ ಮುಚ್ಚಿರಲಿಲ್ಲ.

ಈ ವರ್ಷ ಹರಕೆ ಹೊರಲಿಲ್ಲ. ಬೂದಿ ಬುಧವಾರದ ಬೆಳಿಗ್ಗೆ "ಪೂಜೆಗೆ ಬರ್ತೀಯೇನಮ್ಮ?" ಎಂದು ಕೇಳಿದೆ. ಅಮ್ಮ ನನ್ನ ಮುಖ ನೋಡಿದರು. "ನಿಂಗೆ ತಡ ಆಗುತ್ತೆ" ಅಂದರು. ಆಗಲಿ ಅಂದೆ. ತೋಳು ಹಿಡಿದು ನಡೆದರು. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಏನೋ ಹಳೆಯ ವಿಷಯ ಹೇಳಿ, ಮತ್ತೆ ನಡೆದರು. ನಾವು ಚರ್ಚ್ ತಲುಪುವಷ್ಟರಲ್ಲಿ ಬೈಬಲಿನ ಮೊದಲ ವಾಚನ ಮುಗಿದಿತ್ತು. ಕೊನೆಯ ಬೆಂಚಿನಲ್ಲಿ ಇಬ್ಬರಿಗೂ ಜಾಗವಿತ್ತು.