ಎರಡು ಜೋಡಿ, ಒಂದು ಕ್ಯಾಲೆಂಡರ್

ಪ್ರಣಯ ಕಾದಂಬರಿಗೆ ಎರಡನೇ ಭಾಗ ಬರೆಯುವುದು ತ್ರಾಸಿನ ಕೆಲಸ. ಅಮೆರಿಕದಲ್ಲಿ ಈ ಬಗೆಯ ಪುಸ್ತಕಕ್ಕೆ ಒಂದು ಕಟ್ಟುಪಾಡಿದೆ: ಕೊನೆಗೆ ಎಲ್ಲ ಸುಖವಾಗಬೇಕು, ಇಲ್ಲದಿದ್ದರೆ ಓದುಗರು ಅದನ್ನು ರೊಮಾನ್ಸ್ ಎಂದೇ ಒಪ್ಪುವುದಿಲ್ಲ. ಸುಖದಲ್ಲಿ ಮುಗಿಸಿದ ಮೇಲೆ ಮತ್ತೆ ಏನು ಬರೆಯುವುದು? ಹಾಗಾಗಿ ಹೆಚ್ಚಿನವರು ಹಳೇ ಜೋಡಿಯನ್ನು ಅದರ ಪಾಡಿಗೆ ಬಿಟ್ಟು, ನಾಯಕಿಯ ತಂಗಿಗೋ ನಾಯಕನ ಗೆಳೆಯನಿಗೋ ಜೋಡಿ ಹುಡುಕಲು ಹೊರಡುತ್ತಾರೆ. ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನಲ್ಲಿ ನಮ್ಮ ಓದುಗರ ಗುಂಪು ಈ ಸಲ ಎತ್ತಿಕೊಂಡ ಪುಸ್ತಕ ಆ ದಾರಿ ಹಿಡಿದಿಲ್ಲ. ಮೊದಲ ಭಾಗದ ಎರಡು ದಂಪತಿಗಳೇ ಇಲ್ಲೂ ಇದ್ದಾರೆ. ಮದುವೆ ಮುರಿಯದೆ, ಕದ್ದುಮುಚ್ಚದೆ, ಒಬ್ಬರಿಗೊಬ್ಬರು ಹೇಳಿಯೇ ಹೊರಗೂ ಪ್ರೀತಿಸಬಹುದು ಎಂದು ಒಪ್ಪಂದ ಮಾಡಿಕೊಂಡವರು. ಓಪನ್ ಮ್ಯಾರೇಜ್ ಅನ್ನುತ್ತಾರಲ್ಲ, ಅದು.

ಶಿರಸಿಯಿಂದ ಫೋನ್ ಮಾಡಿದ ಆಯಿಗೆ ಕಥೆ ಹೇಳಿದೆ. "ನಮ್ಮ ಬದಿಗೆ ತೋಟ ಇದ್ದ ಮಾಣಿಗೂ ಮದ್ವೆಗೆ ಒಂದು ಕೂಸು ಸಿಕ್ತಿಲ್ಲೆ, ನಿಂಗಳ ಬದಿಗೆ ಇದೆಂತದೇ!" ಎಂದು ನಕ್ಕಳು. ಆಮೇಲೆ ಒಂದೇ ಪ್ರಶ್ನೆ: "ಅಲ್ದೇ, ಆ ಮನೇಲಿ ಅಡಿಗೆ ಯಾರು ಮಾಡ್ತ?" ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ನಾಲ್ವರೂ ಸದಾ ಹೋಟೆಲಿನಲ್ಲೇ ಉಣ್ಣುತ್ತಾರೆ.

ಊರಿನವರು ತಪ್ಪು ತಿಳಿಯಬಾರದು, ಇಲ್ಲಿ ಎಲ್ಲರೂ ಹೀಗೆ ಬದುಕುವುದಿಲ್ಲ. ನಮ್ಮ ಗುಂಪಿನ ಹೆಂಗಸರಲ್ಲೇ ಅರ್ಧದಷ್ಟು ಜನ ಮೂಗು ಮುರಿದರು. ಆದರೆ ಈ ಊರು ಮಾತ್ರ ಸ್ವಲ್ಪ ಬೇರೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಆಸ್ಪತ್ರೆಯಲ್ಲಿ ಸಂಗಾತಿಯನ್ನು ನೋಡಲು ಬಿಡುವುದು, ವಿಮೆ ಇಂಥದ್ದಕ್ಕೆಲ್ಲ ಅನುಕೂಲವಾಗಲಿ ಎಂದು ಸಾಮರ್‌ವಿಲ್ ನಗರಸಭೆ ಒಂದು ನಿಯಮ ಮಾಡಿತು. ಮದುವೆಯಾಗದ ಸಂಗಾತಿಗಳನ್ನು ನಗರದ ಕಾಗದಪತ್ರದಲ್ಲಿ ದಾಖಲಿಸುವ ನಿಯಮ. ಇಬ್ಬರೇ ಯಾಕೆ ಎಂದು ಯಾರೋ ಕೇಳಿದರು, ಇಬ್ಬರಿಗಿಂತ ಹೆಚ್ಚು ಜನರಿಗೂ ಅವಕಾಶವಾಯಿತು. ಮರುವರ್ಷ ಪಕ್ಕದ ಕೇಂಬ್ರಿಜ್ ಕೂಡ ಹಾಗೇ ಮಾಡಿತು. ಕಾನೂನಿನ ಮದುವೆ ಮಾತ್ರ ಇಂದಿಗೂ ಇಬ್ಬರ ನಡುವೆಯೇ.

ಕಾದಂಬರಿಗೆ ಬರುತ್ತೇನೆ. ಹಾಸಿಗೆಯ ಪ್ರಸಂಗಗಳು ಬೇಕಾದಷ್ಟಿವೆ, ಬೇಗ ಬೇಸರ ಬರುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಕ್ಯಾಲೆಂಡರಿನ ಅಧ್ಯಾಯ. ನಾಲ್ವರೂ ಫೋನಿನಲ್ಲಿ ಒಂದೇ ಕ್ಯಾಲೆಂಡರ್ ಇಟ್ಟುಕೊಂಡಿದ್ದಾರೆ. ಯಾರು ಯಾವ ದಿನ ಎಲ್ಲಿ ಎಂಬುದೆಲ್ಲ ಬಣ್ಣಬಣ್ಣದಲ್ಲಿ. ನಾಯಕಿಯ ಗಂಡನಿಗೆ ಶುಕ್ರವಾರ ಬೇಕು, ಆದರೆ ಆ ಶುಕ್ರವಾರ ಹೆಂಡತಿಯ ಅಪ್ಪನ ಆಪರೇಷನ್. ಜಗಳ ದಿನದಿಂದ ಶುರುವಾಗಿ ಮೊದಲ ಭಾಗದ ಬುಡಕ್ಕೇ ಹೋಗುತ್ತದೆ. "ನೀನೇ ಒಪ್ಪಿದ್ದೆಯಲ್ಲ" ಅನ್ನುತ್ತಾನೆ ಅವನು. "ಬೇಡ ಅನ್ನಲಿಲ್ಲ, ಅಷ್ಟೇ" ಅನ್ನುತ್ತಾಳೆ ಅವಳು.

ಅಲ್ಲಿ ಪುಸ್ತಕ ಮಡಚಿಟ್ಟು ಬಹಳ ಹೊತ್ತು ಕೂತಿದ್ದೆ. ಗುಂಪಿನಲ್ಲಿ ಎಲ್ಲರೂ ಈ ವಿಷಯ ಹೊಸ ಕಾಲದ್ದು ಎಂಬಂತೆ ಮಾತಾಡುತ್ತಿದ್ದಾಗ ನಾನು ದ್ರೌಪದಿಯ ಕಥೆ ತೆಗೆದೆ. ತಾಳಮದ್ದಳೆ ಕೇಳಿ ಬೆಳೆದವರಿಗೆ ಹೇಳಬೇಕಿಲ್ಲ: ಒಂದೇ ಹೆಣ್ಣಿಗಾಗಿ ಹೊಡೆದಾಡಿ ಸತ್ತ ಅಣ್ಣತಮ್ಮ ಸುಂದೋಪಸುಂದರ ಗತಿ ನೆನಪಿಸಿ ನಾರದ ಎಚ್ಚರಿಸಿದ ಮೇಲೆ ಐವರೂ ನೇಮ ಮಾಡಿಕೊಂಡರು. ಒಬ್ಬನ ಜೊತೆ ಅವಳಿದ್ದಾಗ ಇನ್ನೊಬ್ಬ ಒಳಗೆ ಬಂದರೆ 12 ವರ್ಷ ವನವಾಸ. ಬ್ರಾಹ್ಮಣನ ದನ ಕದ್ದವರ ಬೆನ್ನಟ್ಟಲು ಆಯುಧ ತರಲೆಂದು ಅರ್ಜುನ ಒಳಗೆ ಹೋದ, ಧರ್ಮರಾಯ ಬೇಡವೆಂದರೂ ಕೇಳದೆ ಕಾಡಿಗೆ ನಡೆದ. ಕ್ಯಾಲೆಂಡರೂ ಇತ್ತು, ದಂಡವೂ ಇತ್ತು. ಆದರೆ ಐವರಿಗೆ ಹಂಚುವ ಮಾತು ಬಂದದ್ದು ಕುಂತಿಯ ಬಾಯಿಂದ, ವಾದ ಮಾಡಿದ್ದು ದ್ರುಪದ, ಒಪ್ಪಿಸಿದ್ದು ವ್ಯಾಸ. ಅವಳನ್ನು ಕೇಳಿದವರು ಯಾರು?

ನಮ್ಮ ಕಾನೂನೇನು ಕಡಿಮೆಯೇ? 1860ರ ದಂಡಸಂಹಿತೆಯ 497ನೇ ಕಲಂ ಪ್ರಕಾರ ಪರರ ಹೆಂಡತಿಯನ್ನು ಕೂಡಿದವನು ಅಪರಾಧಿ, ಅವಳ ಗಂಡನ ಒಪ್ಪಿಗೆ ಇದ್ದರೆ ಅಪರಾಧವೇ ಅಲ್ಲ. ಹೆಂಡತಿಯ ಇಷ್ಟಾನಿಷ್ಟ ಲೆಕ್ಕಕ್ಕಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ಕಿತ್ತುಹಾಕಿದ್ದು 2018ರ ಸೆಪ್ಟೆಂಬರ್ 27ರಂದು. ಇದನ್ನು ಹೇಳಿದಾಗ ಮೂಗು ಮುರಿದವರೂ ಮುರಿಯದವರೂ ಒಟ್ಟಿಗೆ ಬಾಯಿ ಬಿಟ್ಟರು. ನಮ್ಮ ಶಿರಸಿಯಲ್ಲಿ ಬಾಲ್ಯ ಕಳೆದ ಕಾರ್ನಾಡರ ‘ಹಯವದನ’ ನಾಟಕದ ಪದ್ಮಿನಿ ನೆನಪಾದಳು. ಗಂಡನನ್ನೂ ಅವನ ಗೆಳೆಯನನ್ನೂ ಬಯಸಿದ ಹೆಣ್ಣು. ಕೊನೆಗೆ ಗಂಡಸರಿಬ್ಬರೂ ಕಾದಾಡಿ ಸತ್ತರು, ಅವಳು ಚಿತೆ ಏರಿದಳು. ನಾಟಕಕ್ಕೆ ಸುಖಾಂತ್ಯದ ಹರಕೆ ಇರಲಿಲ್ಲ ನೋಡಿ.

ಈ ಕಾದಂಬರಿಗೆ ಇತ್ತು, ಅದೇ ಅದರ ಸೋಲು. ಎರಡನೇ ಜೋಡಿ ಒಪ್ಪಂದ ಸಾಕೆಂದು ಬಾಗಿಲು ಹಾಕಿಕೊಳ್ಳುತ್ತದೆ. ಅದು ನಂಬುವ ಹಾಗಿದೆ. ನಮ್ಮ ನಾಯಕಿ ಮಾತ್ರ ಹಾಳೆ ತೆಗೆದು ನಿಯಮಗಳನ್ನು ತಾನೇ ಹೊಸದಾಗಿ ಬರೆಯುತ್ತಾಳೆ, ಅಪ್ಪನ ಆಸ್ಪತ್ರೆಯ ದಿನಗಳು ಎಲ್ಲಕ್ಕಿಂತ ಮೇಲೆ. ಬಹಳ ಚೆಂದದ ಪುಟಗಳು. ಆದರೆ ಅಷ್ಟುದ್ದಕ್ಕೂ ಮುಖ ಊದಿಸಿಕೊಂಡಿದ್ದ ಗಂಡ ಒಂದೇ ಪುಟದಲ್ಲಿ ಕರಗಿ ಸಹಿ ಹಾಕಿಬಿಡುತ್ತಾನೆ. ಕುತ್ತಿಗೆ ಹಿಡಿದು ಒಪ್ಪಿಸಿದ್ದು ಲೇಖಕಿಯೇ. ಈಗ "ಬೇಡ ಅನ್ನಲಿಲ್ಲ, ಅಷ್ಟೇ" ಅನ್ನುವ ಸರದಿ ಅವನದಲ್ಲವೇ ಎಂದು ಗುಂಪಿನಲ್ಲಿ ಕೇಳಿದೆ. ಮುಕ್ಕಾಲು ಗಂಟೆ ಜಗಳವಾಯಿತು.

ಮೂರನೇ ಭಾಗವೂ ಬರುತ್ತದಂತೆ. ಬರಲಿ. ಅದರಲ್ಲಿ ಮಕ್ಕಳು ಬರಲಿ, ಅತ್ತೆ ಬರಲಿ, ಅನ್ನಕ್ಕೆ ನೀರಿಡುವವರು ಯಾರೆಂದೂ ಬರಲಿ. ಆಮೇಲೆ ಸುಖಾಂತ್ಯದ ಮಾತಾಡೋಣ.